ಬೇಡಗಳ ಮನೆ

ನಮ್ಮಪ್ಪನ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆ. ಆ ಅಕ್ಷರದಲ್ಲಿ ಅವರು ಬರೆದದ್ದು ಮಾತ್ರ ಹೆಚ್ಚುಕಡಿಮೆ ಒಂದೇ ಮಾತು. ಗೋಡೆಗೆ ಒರಗಬೇಡಿ. ನಲ್ಲಿಯನ್ನು ಜೋರಾಗಿ ತಿರುಗಿಸಬೇಡಿ. ಸೋಫಾದ ಮೇಲೆ ಕೂತು ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಈ ಬೀರುವನ್ನು ತೆಗೆಯಲು ಯತ್ನಿಸಬೇಡಿ. ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವ ನಮ್ಮ ಹಳೆಯ ಮನೆಯಲ್ಲಿ ಇಂಥ ಚೀಟಿ ಅಂಟದ ಗೋಡೆಯೇ ಇರಲಿಲ್ಲ. ಬಚ್ಚಲುಮನೆಯ ಕನ್ನಡಿಯ ಮೇಲೂ ಒಂದಿತ್ತು: ಕನ್ನಡಿಯ ಮೇಲೆ ಏನನ್ನೂ ಅಂಟಿಸಬೇಡಿ.

ಆ ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಅಪ್ಪನ ತಂಗಿ, ನನ್ನ ಸೋದರತ್ತೆ. ಬಸ್ ಕಂಡಕ್ಟರ್ ಆಗಿದ್ದವಳು. ಬಾಗಿಲಲ್ಲಿ ನಿಂತು ‘ರೈಟ್’ ಎಂದರೆ ಡ್ರೈವರ್ ಮಾತ್ರವಲ್ಲ, ಪಕ್ಕದ ರಸ್ತೆಯ ಗಾಡಿಗಳೂ ಹೊರಡುತ್ತಿದ್ದವಂತೆ. ಹಾಗಾಗಿ ಊರಿಗೆಲ್ಲ ಅವಳು ರೈಟ್ ಅತ್ತೆ. ಮದುವೆಯಾಗಿ ಹೋದ ಮನೆಯಿಂದ ಸ್ವಲ್ಪ ಕಾಲಕ್ಕೇ ಪೆಟ್ಟಿಗೆ ಹಿಡಿದು ವಾಪಸು ಬಂದವಳು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದಳು: “ಆ ಮನೇಲಿ ಎಲ್ಲದಕ್ಕೂ ಅಪ್ಪಣೆ ಕೇಳ್ಬೇಕಿತ್ತು. ಬಾಗಿಲು ತೆಗ್ದು ಹೊರಡೋಕೆ ಮಾತ್ರ ನಾನು ಕೇಳ್ಲಿಲ್ಲ.” ಆಮೇಲೆ ಕೆಲಸ ಹಿಡಿದಳು, ಮಂಡಿ ಸವೆಯುವ ತನಕ ಓಡುವ ಬಸ್ಸಿನಲ್ಲೇ ನಿಂತು ದುಡಿದಳು.

ಮಂಡಿ ಕೈಕೊಟ್ಟಾಗ ಅಪ್ಪ ಅವಳಿಗೆ ಹಳೆಯ ಮನೆಯ ಹಿತ್ತಲಿನ ರೂಮು ಕೊಟ್ಟರು. ಮುಂದಿನ ಮನೆಯ ಬಾಡಿಗೆ ವ್ಯವಹಾರ ಅವಳು ನೋಡಿಕೊಳ್ಳಬೇಕು, ಅದರಲ್ಲೇ ಅವಳ ಜೀವನ ಸಾಗಬೇಕು ಎಂದು ಮಾತಾಯಿತು. ಮನೆ ಅಪ್ಪನ ಹೆಸರಿನಲ್ಲಿತ್ತು, ಚೀಟಿಗಳೂ ಅಪ್ಪನವೇ. ಅಪ್ಪ ಕಾರ್ಖಾನೆಯ ಸ್ಟೋರ್ ಕೀಪರ್ ಆಗಿದ್ದವರು. ಒಳಗೆ ಬಂದ ಸಾಮಾನು ಹೊರಗೆ ಹೋಗದಂತೆ ಕಾಯುವುದೇ ಅವರ ಕಸುಬು. ನಿವೃತ್ತಿಯಾದರೂ ಆ ಚಾಳಿ ಬಿಟ್ಟಿರಲಿಲ್ಲ. ಪ್ರತಿ ರೂಮಿನಲ್ಲೂ ಒಂದು ಬೀರುವಿಗೆ ಬೀಗ; ಒಳಗೆ ಏನಿದೆಯೋ ದೇವರೇ ಬಲ್ಲ.

ಬರುವವರ ಬಗ್ಗೆ ಅತ್ತೆಗೆ ತನ್ನದೇ ಸಿದ್ಧಾಂತವಿತ್ತು. “ಬಸ್ಸಾದ್ರೂ ಅಷ್ಟೆ, ಮನೆಯಾದ್ರೂ ಅಷ್ಟೆ. ನಿಂತವನಿಗೆ ಸೀಟು ಬೇಕು, ಸೀಟು ಸಿಕ್ಕಿದವನಿಗೆ ಕಿಟಕಿ ಬೇಕು, ಕಿಟಕಿ ಸಿಕ್ಕಿದವನಿಗೆ ಗಾಳಿ ಬೇಡ” ಎನ್ನುತ್ತಿದ್ದಳು. ಅವಳ ಪ್ರಕಾರ ಅತಿಥಿಗಳಿಗೆ ಹಾಸಿಗೆ ಹೋಟೆಲಿನ ಹಾಗಿರಬೇಕು, ಅಡುಗೆಮನೆ ಸ್ವಂತ ಮನೆಯ ಹಾಗಿರಬೇಕು, ಬಾಡಿಗೆ ಮಾತ್ರ ನೆಂಟರ ಮನೆಯ ಹಾಗಿರಬೇಕು. ಹೀಗೆ ಅಣಕಿಸುತ್ತಲೇ ಅವರಿಗೆ ಬೇಕಾದದ್ದನ್ನೆಲ್ಲ ಒದಗಿಸುತ್ತಿದ್ದಳು. ತರಕಾರಿ ಹೆಚ್ಚಲು ಹರಿತವಾದ ಚಾಕು, ಮಲಗಿದಲ್ಲೇ ಕೈಗೆಟುಕುವ ದೀಪ, ಒದ್ದೆ ಟವೆಲ್ ಹಾಕಲು ಬಿಸಿಲು ಬೀಳುವ ಹಗ್ಗ, ಸುಕ್ಕಿಲ್ಲದ ಹಾಸು. ಆದರೂ ಬಂದವರು ಎರಡನೇ ಸಲ ಬರುತ್ತಿರಲಿಲ್ಲ. ಫೋನಿನಲ್ಲಿ ಮನೆಗೆ ಅವರು ಕೊಡುವ ರೇಟಿಂಗಿನ ನಕ್ಷತ್ರಗಳೂ ಮೋಡ ಕವಿದ ರಾತ್ರಿಯ ಲೆಕ್ಕದಲ್ಲೇ ಇದ್ದವು. ತನ್ನ ಕೆಲಸದಲ್ಲೇ ಏನೋ ಕೊರತೆ ಇದೆಯೆಂದು ಅತ್ತೆ ಒಗೆದ ಪರದೆಯನ್ನೇ ಮತ್ತೆ ಒಗೆಯುತ್ತಿದ್ದಳು. ಸಹಾಯಕ್ಕೆಂದು ಅಲ್ಲಿಗೆ ಹೋಗುತ್ತಿದ್ದ ನಾನು ಅವನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದೆ.

ಆಗ ಬಂದದ್ದು ಆಗಷ್ಟೇ ಓದಲು ಕಲಿತ ಮಗಳಿದ್ದ ಒಂದು ಸಂಸಾರ. ಹೊಸದಾಗಿ ಅಕ್ಷರ ಕಲಿತ ಮಕ್ಕಳಿಗೆ ಕಂಡದ್ದನ್ನೆಲ್ಲ ಓದುವ ಹುಚ್ಚು. ಆ ಹುಡುಗಿ ಹೊಸಿಲು ದಾಟಿದ್ದೇ ಶುರುಮಾಡಿದಳು. “ಅಮ್ಮಾ, ಗೋಡೆಗೆ ಒರಗಬಾರದಂತೆ. ಅಪ್ಪಾ, ನೀನು ಕೂತಿರೋ ಕಡೆ ಟೀ ಕುಡಿಯಬಾರದಂತೆ. ಅಮ್ಮಾ, ಇಲ್ಲಿ ಓಡಬಾರದಂತೆ.” ಒಂದೊಂದು ಚೀಟಿಗೂ ಅವಳ ಅಪ್ಪ ಅಮ್ಮ ಕೂತಲ್ಲಿಂದ ಎದ್ದು ಇನ್ನೊಂದು ಕಡೆ ಹೋಗುತ್ತಿದ್ದರು. ಕೊನೆಗೆ ಮೂವರೂ ಹಜಾರದ ನಡುವೆ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ನಿಂತ ಹಾಗೆ ನಿಂತಿದ್ದರು. ಅತ್ತೆ ಟವೆಲ್ ಕೊಡಲು ಒಳಗೆ ಬಂದಾಗ ಹುಡುಗಿ ಕೇಳಿದಳು: “ಅಜ್ಜಿ, ಇಲ್ಲಿ ಏನು ಮಾಡಬಹುದು?”

ಅತ್ತೆ ಟವೆಲ್ಲುಗಳನ್ನು ಹುಡುಗಿಯ ಕೈಗಿಟ್ಟು, ಗೋಡೆಯ ಚೀಟಿಗಳನ್ನು ತಾನೂ ಒಂದೊಂದಾಗಿ ಓದತೊಡಗಿದಳು. ಆ ಸಂಸಾರ ಮಾರನೆಯ ದಿನವೇ “ಮನೆ ತುಂಬಾ ಚೆನ್ನಾಗಿದೆ, ಏನೋ ಕೆಲಸ ಬಂತು” ಎಂದು ಹೊರಟುಹೋಯಿತು.

ವಿಷಯ ತಿಳಿದು ಅಪ್ಪ ಬಂದರು. ಬಂದವರು ಕಡ್ಡಿ ಮುರಿದ ಹಾಗೆ ಹೇಳಿದರು: “ಸಾಕು. ಬಾಡಿಗೆ ಮನೆ ನೋಡ್ಕೊಳ್ಳೋ ಏಜೆನ್ಸಿಯವರಿಗೆ ಒಪ್ಪಿಸ್ತೀನಿ. ಅವರದೇ ಜನ ಇರ್ತಾರೆ, ಹಿಂದಿನ ರೂಮೂ ಅವರಿಗೇ ಬೇಕಂತೆ. ನೀನು ನಮ್ಮನೆಗೆ ಬಂದ್ಬಿಡು. ಹಾಲ್‌ನಲ್ಲಿ ದಿವಾನ್ ಇದೆ, ಆರಾಮಾಗಿರು.”

“ಹಾಲ್‌ನಲ್ಲಾ?” ಎಂದಳು ಅತ್ತೆ.

“ಯಾಕೆ, ನಮ್ಮ ಹಾಲ್‌ಗೆ ಏನಾಗಿದೆ?”

ಏನೂ ಆಗಿರಲಿಲ್ಲ. ಟೀವಿ ಇತ್ತು, ಫ್ಯಾನ್ ಇತ್ತು, ಎಲ್ಲರೂ ಓಡಾಡುವ ದಾರಿ ಇತ್ತು. ಅಲ್ಲಿ ಮಲಗಿದವರು ಮನೆಯವರೆಲ್ಲ ಮಲಗಿದ ಮೇಲೆ ಮಲಗಬೇಕು, ಎಲ್ಲರಿಗಿಂತ ಮೊದಲು ಹೊದಿಕೆ ಮಡಚಿಡಬೇಕು. ಅತ್ತೆ ಅದನ್ನೆಲ್ಲ ಹೇಳಲಿಲ್ಲ. “ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತಾರೆ, ಅಣ್ಣ. ಈ ತಿಂಗಳ ಕೊನೇಲಿ ಒಂದು ದೊಡ್ಡ ಕುಟುಂಬ ಬರ್ತಿದೆ. ಅವರು ಹೋಗೋವರೆಗೂ ತಡಿ” ಎಂದಳು. ಮುಂಗಡ ಆಗಲೇ ಬಂದಿದ್ದರಿಂದ ಅಪ್ಪ ಒಪ್ಪಿದರು. ಅವರು ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗಿ, “ನಾನು ಯಾರ ಹಾಲ್‌ನಲ್ಲೂ ಮಲಗಲ್ಲ. ಬಾ, ಬಿಸಿನೀರು ಕಾಯ್ಸು” ಎಂದಳು.

ಬಿಸಿನೀರು ಚೀಟಿಗಳಿಗೆ. ಅಪ್ಪ ಅಂಟಿಸಿದ್ದು ಸುಲಭಕ್ಕೆ ಬಿಡುತ್ತದೆಯೇ? ಬಟ್ಟೆ ಅದ್ದಿ ಒತ್ತಿ ಹಿಡಿದು, ಹಳೆಯ ಚಮಚದಲ್ಲಿ ಮೆಲ್ಲಗೆ ಕೆರೆದು ತೆಗೆದೆವು. ಕೆಲವು ಚೀಟಿಗಳ ಕೆಳಗೆ ಇನ್ನೂ ಹಳೆಯ ಚೀಟಿಗಳಿದ್ದವು. ಮಂಡಿ ಊರಲಾಗದ ಅತ್ತೆ ಕುರ್ಚಿಯನ್ನು ಎಳೆದೆಳೆದು ಕೂತು, ನೆಲದ ಹತ್ತಿರದವನ್ನೂ ಬಿಡಲಿಲ್ಲ. ಆಮೇಲೆ ಬೀರುಗಳು. ಅಪ್ಪ ‘ಮುಟ್ಟಬೇಡಿ’ ಚೀಟಿಯ ಕೆಳಗೆ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಬೀಗದ ಕೈ ಗೊಂಚಲು ತಂದು ಒಂದೊಂದಾಗಿ ತೆಗೆದಳು. ರೆಕ್ಕೆ ಮುರಿದ ಫ್ಯಾನುಗಳು, ಹ್ಯಾಂಡಲ್ ಇಲ್ಲದ ಬಕೆಟ್ಟುಗಳು, ಸುತ್ತಿಟ್ಟ ವೈರು, ಕಾರ್ಖಾನೆಯ ಹಳೆಯ ಕ್ಯಾಲೆಂಡರುಗಳು, ತುಕ್ಕು ಹಿಡಿದ ಕಬ್ಬಿಣದ ಟ್ರಂಕು. ಜನ ಬಟ್ಟೆ ಇಡಲು ಜಾಗವಿಲ್ಲದೆ ಸೂಟ್‌ಕೇಸಿನಲ್ಲೇ ಬದುಕಿದ್ದು ಈ ಕಸಕ್ಕಾಗಿ! ನನಗೆ ಎಲ್ಲವನ್ನೂ ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು.

“ಎಸೀಬಾರ್ದು. ಅವನ ವಸ್ತು, ಅವನೇ ಎಸೀಬೇಕು” ಎಂದಳು ಅತ್ತೆ. ಎಲ್ಲವನ್ನೂ ತನ್ನ ಹಿತ್ತಲಿನ ರೂಮಿಗೆ ಸಾಗಿಸಿದಳು.

ಕದ್ದು ಮಾಡುವ ಬುದ್ಧಿ ಅವಳದಲ್ಲ. ಅವತ್ತೇ ಅಪ್ಪನಿಗೆ ಫೋನ್ ಮಾಡಿ, “ಅಣ್ಣ, ನಿನ್ನ ಚೀಟಿ ಎಲ್ಲ ಕಿತ್ತಿದೀನಿ, ಬೀರು ಖಾಲಿ ಮಾಡಿದೀನಿ. ಸಾಮಾನು ಜೋಪಾನವಾಗಿ ನನ್ನ ರೂಮಲ್ಲಿದೆ” ಎಂದಳು. ಆ ಕಡೆಯಿಂದ ಬಂದ ಬೈಗುಳ ಫೋನನ್ನು ಕಿವಿಯಿಂದ ದೂರ ಹಿಡಿದರೂ ಕೇಳುತ್ತಿತ್ತು. “ಅವರು ಹೊರಡೋ ದಿನ ಬರ್ತೀನಿ. ಒಂದು ಕಲೆ ಕಂಡ್ರೂ ಅವತ್ತೇ ಏಜೆನ್ಸಿಗೆ ಬೀಗದ ಕೈ!” ಎಂದು ಅಪ್ಪ ಇಟ್ಟುಬಿಟ್ಟರು.

ಕುಟುಂಬ ಬಂತು. ಅಜ್ಜ, ಅಜ್ಜಿ, ಸೊಸೆಯಂದಿರು, ಮೊಮ್ಮಕ್ಕಳ ದಂಡು. ಗೋಡೆಗೆ ಒರಗಿದರು, ಓಡಿದರು, ಕಿಟಕಿಗಳನ್ನೆಲ್ಲ ತೆರೆದರು. ಬಟ್ಟೆಗಳು ಬೀರು ಸೇರಿದವು. ಹಜಾರದಿಂದ ಬರುವ ನಗು ಹಿತ್ತಲಿಗೂ ಕೇಳುತ್ತಿತ್ತು. ಅತ್ತೆ ಖುಷಿಯಾಗಿದ್ದಳು, ಆದರೆ ಪ್ರತಿ ಲೋಟದ ಸದ್ದಿಗೂ ಹಿತ್ತಲ ಬಾಗಿಲಿಗೆ ಬಂದು ಇಣುಕುತ್ತಿದ್ದಳು.

ಅವರು ಹೊರಡುವ ಬೆಳಿಗ್ಗೆ ಅಪ್ಪ ಗಂಟುಮುಖ ಹಾಕಿಕೊಂಡು ಹಾಜರಾದರು. ಕಾಲಿಟ್ಟ ಕೂಡಲೇ ಅಜ್ಜ ಕೈಮುಗಿದು ಎದುರು ಬಂದರು.

“ಯಜಮಾನ್ರೇ, ಒಂದು ತಪ್ಪಾಗಿದೆ. ನನ್ನ ಕೈ ನಡುಗಿ ಸೋಫಾ ಮೇಲೆ ಟೀ ಚೆಲ್ತು. ಒಗೆಸೋ ಖರ್ಚು ಏನಾಗುತ್ತೋ ಹೇಳಿ, ಕೊಟ್ಟು ಹೋಗ್ತೀವಿ.”

ಅಪ್ಪನಿಗೆ ಅತಿಥಿಯ ಎದುರು ಬೈಯಲಾಗಲಿಲ್ಲ. ಸರಸರನೆ ಹೋಗಿ, ಸೋಫಾದಲ್ಲಿ ಟೀ ಬಿದ್ದಿದ್ದ ಕೂರುವ ದಿಂಬನ್ನು ತಾವೇ ಎತ್ತಿದರು. ಎತ್ತಿ ತಿರುಗಿಸಿದವರು ಹಾಗೇ ನಿಂತರು. ದಿಂಬಿನ ಅಡಿಭಾಗದಲ್ಲಿ ಅಂಗೈಯಗಲದ ಹಳೆಯ ಎಣ್ಣೆ ಕಲೆ. ಪಕ್ಕದ ದಿಂಬು ತಿರುಗಿಸಿದರು, ಅದರ ಅಡಿಗೆ ಶಾಯಿ. ಅದರ ಪಕ್ಕದ್ದಕ್ಕೆ ಸಿಗರೇಟಿನ ತೂತು ಬೇರೆ.

ಚೀಟಿಗಳಿದ್ದಾಗಲೂ ಜನ ಚೆಲ್ಲಿದ್ದರು. ಹೆದರಿ, ಮಗುಚಿಟ್ಟು, ಹೇಳದೆ ಹೋಗಿದ್ದರು ಅಷ್ಟೆ. ದಿನಾ ಗುಡಿಸಿ ಒರೆಸುತ್ತಿದ್ದ ಅತ್ತೆಗೂ ಇದು ಗೊತ್ತಿರಲಿಲ್ಲ. ದಿಂಬನ್ನು ಎತ್ತಬೇಡಿ ಎಂದು ಅಲ್ಲೇ ಒಂದು ಚೀಟಿ ಇತ್ತಲ್ಲ.

ಅಪ್ಪ ದಿಂಬನ್ನು ಜಾಗದಲ್ಲಿಟ್ಟು, “ಪರವಾಗಿಲ್ಲ ಬಿಡಿ. ಟೀ ತಾನೆ” ಎಂದರು. ಅವರ ಬಾಯಿಂದ ಆ ಮಾತು ಬಂದದ್ದಕ್ಕೆ ನಾನು ಗೋಡೆ ಹಿಡಿದು ನಿಂತೆ. ಅಜ್ಜ ಮುಂದಿನ ರಜೆಗೂ ಇದೇ ಮನೆ ಬೇಕೆಂದು ಹೇಳಿ, ದಂಡು ಕಟ್ಟಿಕೊಂಡು ಹೊರಟರು.

ಅಷ್ಟಾದರೂ ಅಪ್ಪ ಪೂರ್ತಿ ಸೋಲಲಿಲ್ಲ. “ಚೀಟಿ ವಿಷಯ ಆಯ್ತು. ಆದ್ರೆ ನಿನ್ನ ಮಂಡಿಗೆ ಈ ಕೆಲಸ ಆಗಲ್ಲಮ್ಮ. ನಮ್ಮನೇಲಿ ಆರಾಮಾಗಿರೋದು ಬಿಟ್ಟು ಯಾಕೆ ಈ ಹಠ?” ಎನ್ನುತ್ತಾ, ತಮ್ಮ ಸಾಮಾನು ನೋಡಲು ಹಿತ್ತಲಿನ ರೂಮಿನ ಬಾಗಿಲು ತಳ್ಳಿದರು. ಬಾಗಿಲು ಅರ್ಧಕ್ಕೇ ನಿಂತಿತು. ಒಳಗೆ ಸೂರು ಮುಟ್ಟುವ ಹಾಗೆ ಫ್ಯಾನು, ಬಕೆಟ್ಟು, ವೈರು. ಮಂಚದ ಮೇಲೂ ಕ್ಯಾಲೆಂಡರಿನ ಕಟ್ಟುಗಳು. ಗೋಡೆಗೂ ಟ್ರಂಕಿಗೂ ನಡುವೆ ಒಂದು ಚಾಪೆ ಮಡಚಿ ಹಾಸಿತ್ತು. ಅಲ್ಲಿ ಕಾಲು ಚಾಚಿ ಮಲಗಲು ಸಾಧ್ಯವಿರಲಿಲ್ಲ. ಕಾಲು ಮಡಚಿಯೇ ಮಲಗಬೇಕು, ಆ ಮಂಡಿ ಇಟ್ಟುಕೊಂಡು.

“ಇಲ್ಲಿ ಮಲಗ್ತಿದ್ಯಾ?” ಅಪ್ಪನ ದನಿ ಇಳಿದಿತ್ತು. “ನನ್ನ ಮನೆ ಹಾಲ್‌ಗಿಂತ ಇದು ವಾಸಿನಾ?”

“ಹೂಂ ಅಣ್ಣ” ಎಂದಳು ಅತ್ತೆ. “ಇದಕ್ಕೆ ಒಳಗಿನಿಂದ ಚಿಲಕ ಇದೆ.”

ಅಪ್ಪ ಬಾಗಿಲ ಸಂದಿಯಲ್ಲಿ ನುಸುಳಿ ಒಳಗೆ ಹೋಗಿ ಟ್ರಂಕಿನ ಮೇಲೆ ಕೂತರು. ಚಾಪೆಯನ್ನು ನೋಡಿದರು. ತಂಗಿ ಪೆಟ್ಟಿಗೆ ಹಿಡಿದು ವಾಪಸು ಬಂದ ಕಾಲದಲ್ಲಿ ಕೇಳಿಯೂ ತಿಳಿಯದ್ದು ಅವರಿಗೆ ಈಗ ತಿಳಿಯಿತೆಂದು ನನಗೆ ಅನ್ನಿಸಿತು, ಮುಖ ಹಾಗಾಗಿತ್ತು.

ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ನನ್ನನ್ನು ಕರೆದರು.

“ಗುಜರಿಯವನ ನಂಬರ್ ಇದ್ಯಾ ನಿನ್ನ ಹತ್ರ?”

ಅವರ ಮನಸ್ಸು ಬದಲಾಗುವುದಕ್ಕೆ ಮುಂಚೆ ನಾನೇ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ.