ಗೋಡೆಯಾಚೆಯ ಕಾಯಿ

ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಚಿಪ್ಪು ಬಿಟ್ಟ ಕೊಬ್ಬರಿ ಒಳಗೆ ಲೊಡಲೊಡ ಎನ್ನುತ್ತದೆ. ಆ ಸದ್ದು ಕೇಳಿದೊಡನೆ ತಿಪಟೂರಿನ ನಮ್ಮ ಹಳೇ ಮನೆ ಕಣ್ಣೆದುರು ಬರುತ್ತದೆ. ಅದಕ್ಕೆ ಎರಡು ಬಾಗಿಲು: ಮುಂದಿನದು ಪೇಟೆ ಬೀದಿಗೆ, ಹಿಂದಿನದು ಕೆರೆ ಓಣಿಗೆ. ಮಧ್ಯದ ನಡುಮನೆ ಊರಿನ ಪಾಲಿಗೆ ಅಡ್ಡರಸ್ತೆ. ಮೇಷ್ಟರು, ಸೊಪ್ಪಿನವಳು, ಒಮ್ಮೆ ಯಾರದೋ ಮದುವೆಯ ವಾಲಗದವರು, ಎಲ್ಲರೂ ನಾವು ಉಣ್ಣುತ್ತಿದ್ದಾಗಲೇ ಎಲೆಯ ಪಕ್ಕದಲ್ಲಿ ಹಾದುಹೋಗುತ್ತಿದ್ದರು. ಕಿವಿ ಮಂದವಾಗಿದ್ದ ಅಜ್ಜಿ ಅಟ್ಟದ ಏಣಿಯ ಬುಡದಲ್ಲಿ ಕೂತು ಸುಂಕ ವಸೂಲು ಮಾಡುತ್ತಿದ್ದಳು: "ಯಾರ್ಲಾ ಅದು? ಸುಮ್ನೆ ಹೋಯ್ತೀಯಲ್ಲ, ಒಂದ್ ಕಾಯಿ ಅಲ್ಲಾಡ್ಸಿ ಹೇಳ್ಬುಟ್ಟು ಹೋಗು!" ದಾರಿಹೋಕರು ಕಾಯಿ ಎತ್ತಿ, ಗಂಭೀರವಾಗಿ ಆಲಿಸಿ, "ಅಲ್ಲಾಡ್ತದೆ ಕಣಜ್ಜಿ" ಎಂದು ತೀರ್ಪಿತ್ತು ಹಿಂಬಾಗಿಲಿನಿಂದ ನಿರ್ಗಮಿಸುತ್ತಿದ್ದರು. ನಿಮ್ಮ ಬಾಲ್ಯಕ್ಕೂ ಇಂಥದೊಂದು ಹಿಂಬಾಗಿಲು ಇದ್ದೀತು.

ಈಗ ಅಲ್ಲಿ ಹಿಂಬಾಗಿಲಿಲ್ಲದ ಕಾಂಪ್ಲೆಕ್ಸ್ ನಿಂತಿದೆ. ಊರು ತೋಟಗಳನ್ನು ನುಂಗಿ ಲೇಔಟುಗಳಾಗಿ ಹೊರಚೆಲ್ಲಿದೆ. ನಾನು ಒಂದು ಲೇಔಟಿನ ಕೊನೇ ಮನೆಯಲ್ಲಿ, ನನ್ನಕ್ಕ ಅದಕ್ಕೆ ತಾಗಿದ ಇನ್ನೊಂದು ಲೇಔಟಿನ ಕೊನೇ ಮನೆಯಲ್ಲಿ. ನಡುವೆ ಆಳೆತ್ತರ ಮೀರಿದ ಗೋಡೆ. ಅವಳ ಒಗ್ಗರಣೆಗೆ ನನಗೆ ಸೀನು ಬರುತ್ತದೆ. ಅವಳ ಮನೆ ತಲುಪಲು ಮಾತ್ರ ಹೆದ್ದಾರಿ ಸುತ್ತಿ ಇಪ್ಪತ್ತು ನಿಮಿಷ. ಇದಕ್ಕೆ ಅಭಿವೃದ್ಧಿ ಎನ್ನುತ್ತಾರೆ, ಆಕ್ಷೇಪಿಸಲು ನಾನ್ಯಾರು? ಆದರೆ ಅಕ್ಕನಿಗೆ ಉಬ್ಬಸ. ಫೋನನ್ನು ಸವೆದೀತೆಂದು ಬೀರುವಿನಲ್ಲಿಟ್ಟಿದ್ದಾಳೆ. ಹಾಗಾಗಿ ಬೆಳಗಿನ ಕಾಫಿ ಹೊತ್ತಿಗೆ ಅವಳು ಅತ್ತ ಒಂದು ಕಾಯಿ ಅಲ್ಲಾಡಿಸಬೇಕು, ನಾನು ಇತ್ತ ಒಂದು. ಇಬ್ಬರೂ ಇದ್ದೇವೆಂದು ಅರ್ಥ.

ಮೊನ್ನೆ ಸದ್ದು ಬರಲಿಲ್ಲ. ಅಲ್ಲಾಡಿಸಿದೆ, ಕೂಗಿದೆ, ಕಾಯಿ ಸಮೇತ ಸ್ಕೂಟರ್ ಹತ್ತಿದೆ. ಹೆದ್ದಾರಿಯುದ್ದಕ್ಕೂ ಬೇಡದ್ದೆಲ್ಲ ಮನಸ್ಸಿಗೆ ಬಂತು. ಹೋಗಿ ನೋಡಿದರೆ ಅಕ್ಕ ಗೋಡೆಯ ಬುಡದಲ್ಲಿ ಕೂತು, ಏದುಸಿರು ಬಿಡುತ್ತ, ಒಂದು ಕಾಯಿ ಅಲ್ಲಾಡಿಸುತ್ತಲೇ ಇದ್ದಳು. ಒಳಗಿಂದ ಉಬ್ಬಸದ ಪಂಪು ತಂದು ಎಳೆಸಿದ ಮೇಲೆ ಮಾತು ಬಂತು.

"ಹಳೇದ್ನ ಒಡ್ದು ಚಟ್ನಿಪುಡಿಗೆ ಹಾಕ್ಬುಟ್ಟೆ ಕಣೋ. ಇದಿನ್ನೂ ಚಿಪ್ಪು ಬುಟ್ಟಿಲ್ಲ, ಮೂಗಮುಂಡೇದು. ಕೂಗಾನ ಅಂದ್ರೆ ಉಸ್ರೆಲ್ಲಿ? ನೀನ್ಯಾಕೋ ಇಷ್ಟು ಬೆವ್ತಿದ್ದೀಯ, ನಾನೇನ್ ಹೋಗ್ಬುಟ್ನಾ?"

ನನ್ನ ಕಾಯನ್ನು ಅವಳ ಕೈಗಿಟ್ಟೆ.

"ನಾಳೆ ನೀನೇನ್ ಅಲ್ಲಾಡುಸ್ತೀಯ?"

ಮರುದಿನ ಕಾಫಿ ಆರಿಹೋಗುವವರೆಗೆ ಗೋಡೆಯ ಬಳಿ ನಿಂತಿದ್ದೆ. ಕೊನೆಗೆ ಆಚೆಯಿಂದ ಲೊಡಲೊಡ ಎಂದಿತು. ಬರಿಗೈಯಲ್ಲಿದ್ದವನು, ಆ ನಡುಮನೆಯ ಕಟ್ಟಕಡೆಯ ದಾರಿಹೋಕನಂತೆ, ಇಟ್ಟಿಗೆಗೆ ಬಾಯಿ ಹಚ್ಚಿ ಕೂಗಿದೆ:

"ಅಲ್ಲಾಡ್ತದೆ ಕಣಕ್ಕಾ!"