ಫ್ಯಾಕ್ಸ್ ಕಾರ್ಡಿನ ಎರಡು ತಂತಿಗಳು

ರಾಯಚೂರಿನ ನಮ್ಮ ಸಂಶೋಧನಾ ಕಚೇರಿಯಲ್ಲಿ ಆಗ ಒಂದು ಕಂಪ್ಯೂಟರು ಫ್ಯಾಕ್ಸ್ ಕೆಲಸಕ್ಕೆಂದೇ ಮೀಸಲಾಗಿತ್ತು. ಅದರೊಳಗಿನ ಫ್ಯಾಕ್ಸ್ ಕಾರ್ಡಿಗೆ ಎರಡು ಕಿಂಡಿ, ಒಂದೊಂದಕ್ಕೂ ಒಂದು ದೂರವಾಣಿ ತಂತಿ. ಮೊದಲ ಕಿಂಡಿಗೆ ಬಂದದ್ದು ತಾನಾಗಿಯೇ ದೇವದುರ್ಗದ ಉಪಕೇಂದ್ರದ ಕಂಪ್ಯೂಟರಿಗೆ ಹೋಗುತ್ತಿತ್ತು, ಎರಡನೆಯದಕ್ಕೆ ಬಂದದ್ದು ಮಾನ್ವಿಗೆ. ಅಣೆಕಟ್ಟೆಯಿಂದ ಕೃಷ್ಣೆಗೆ ನೀರು ಬಿಡುವ ಮುನ್ನೆಚ್ಚರಿಕೆ ದೇವದುರ್ಗದ ತಂತಿಯಲ್ಲಿ ಬರುತ್ತಿತ್ತು. ಅಲ್ಲಿ ರಜೆಯ ದಿನವೂ ಒಬ್ಬರು ಕಾದಿರುತ್ತಿದ್ದರು. ಓದಿದೊಡನೆ ಜೀಪು ಕಳುಹಿಸಿ, ನದಿದಂಡೆಯ ಪಂಪಿನ ಮನೆಯಲ್ಲಿದ್ದ ಕಾವಲುಗಾರನನ್ನು ಮೇಲಕ್ಕೆ ಕರೆತರುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಸಿಬ್ಬಂದಿ ಆ ಕಂಪ್ಯೂಟರನ್ನೂ ಬಿಚ್ಚಿ ಒರೆಸಿ, ಕಾರ್ಡಿನ ಅಂಚಿಗೆ ವಿಭೂತಿ ಬಳಿದು, ತಂತಿಗಳನ್ನು ಮತ್ತೆ ಸಿಕ್ಕಿಸಿದರು. ಹಸಿರು ದೀಪ ಮಿನುಗಿತು. ಎಲ್ಲರೂ ಕೈಮುಗಿದೆವು.

ರಜೆ ಮುಗಿದ ಬೆಳಿಗ್ಗೆ ಮಾನ್ವಿಯ ಗುಮಾಸ್ತರ ಫೋನು ಬಂತು. ಅದು ವಿಜಯದಶಮಿಯ ಮರುದಿನ. ಪಂಚಾಂಗವನ್ನೂ ರಜೆಯ ಆದೇಶವನ್ನೂ ತಾಳೆ ನೋಡಿಯೇ ಬರೆಯುತ್ತಿದ್ದೇನೆ.

"ಸರ, ಕೃಷ್ಣಾ ಹೊಳಿ ಮಾನ್ವಿಗಿ ಯಾವಾಗ ಬಂತ್ರಿ? ನಮಗ ತುಂಗಭದ್ರಾನ ಸಾಕಾಗ್ಯದ!" ಅವರು ನಗುತ್ತಿದ್ದರು.

"ಏನ್ ಬಂದದ, ಓದ್ರಿ."

"ನೀರು ಬಿಡ್ತಾರಂತ್ರಿ. ದಂಡಿ ಮ್ಯಾಲ ಯಾರೂ ಇರಬಾರದಂತ."

"ಹಾಳಿ ತಲಿ ಮ್ಯಾಲಿನ ಸಾಲಿನ್ಯಾಗ ತಾರೀಖು ನೋಡ್ರಿ."

"ನಿನ್ನೀದು ಅದರಿ, ಸರ." ನಗು ನಿಂತಿತ್ತು.

ತಕ್ಷಣ ದೇವದುರ್ಗಕ್ಕೆ ಫೋನು ಮಾಡಿದೆ. "ನಮಗೇನೂ ಬಂದಿಲ್ರಿ," ಎಂದರು ಅಲ್ಲಿನ ಅಧಿಕಾರಿ. "ಕಾವಲಿನಂವ ಅಲ್ಲೇ ಅದಾನ್ರಿ. ಜೀಪು ಹೊರಡಸ್ತೀನಿ."

ಫ್ಯಾಕ್ಸ್ ಕೋಣೆಗೆ ಹೋಗಿ ನೋಡಿದೆ. ತಂತಿಗಳು ಅದಲುಬದಲಾಗಿದ್ದವು. ಸರಿಪಡಿಸುವಾಗ ಬೆರಳಿಗೆ ವಿಭೂತಿ ಹತ್ತಿತು. ದೀಪ ಮಾತ್ರ ಮೊದಲಿನಂತೆಯೇ ಹಸಿರಾಗಿ ಮಿನುಗುತ್ತಿತ್ತು; ತಪ್ಪಾಗಿದ್ದಾಗಲೂ ಅದು ಹೀಗೆಯೇ ಮಿನುಗಿತ್ತು.

ಮಧ್ಯಾಹ್ನ ಕಳೆದ ಮೇಲೆ ಅಧಿಕಾರಿಯ ಫೋನು ಬಂತು. ಕಾವಲುಗಾರ ಪಂಪಿನ ಮನೆಯ ಕಟ್ಟೆಯ ಮೇಲೆ ಕುಳಿತೇ ಇದ್ದನಂತೆ. ಸುತ್ತ ನೀರು ಎದೆಮಟ್ಟ. ಹಗ್ಗ ಎಸೆದು ಎಳೆದುಕೊಂಡಿದ್ದರು.

"ನೀರು ಏರೂದು ಕಾಣಲಿಲ್ಲೇನಲೇ ಅಂತ ಬೈದೆರಿ, ಸರ. ಅಂವ ಏನಂದ ಗೊತ್ತೇನ್ರಿ? 'ಕಂಡೀನ್ರಿ ಯಪ್ಪಾ. ದೊಡ್ಡ ನೀರಾದ್ರ ನಿಮ್ಮ ಜೀಪು ಬರ್ತದಲ್ರಿ. ಬರಲಿಲ್ಲ. ಸಣ್ಣ ನೀರಿರಬೇಕಂತ ಕುಂತೆ.'"

ಅಂದಿನಿಂದ ಮುನ್ನೆಚ್ಚರಿಕೆ ಬಂದ ದಿನಗಳಲ್ಲಿ ನನಗೆ ಅಷ್ಟು ಭಯವಿರಲಿಲ್ಲ. ಏನೂ ಬಾರದ ದಿನಗಳಲ್ಲೇ, ಆ ಹಸಿರು ದೀಪವನ್ನು ನೋಡುತ್ತ, ದೇವದುರ್ಗಕ್ಕೆ ಫೋನು ಮಾಡಿ ಕೇಳುತ್ತಿದ್ದೆ: "ಹೊಳಿ ಹ್ಯಾಂಗದರಿ?"