ಮಚ್ಚಕ್ಕನ ಒರೆ

ನನ್ನ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡು ನಮ್ಮ ತೋಟದಲ್ಲಿ ಸುಣ್ಣದ ಕೆಳಗೆ ಎಲ್ಲೋ ಇವೆ. ಯಾರಾದರೂ ಕೇಳಿದರೆ "ಮಚ್ಚು ಜಾರ್ತು" ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಮಚ್ಚು ಹಿಡಿದವಳ ಕೈಯಿಂದ ಮಚ್ಚು ಜಾರುತ್ತದಂತೆ! ನಂಬುವವರು ನಂಬಲಿ. ಆ ಬೆರಳು ಕಡಿದವನು ನನ್ನಪ್ಪ.

ಅತ್ತೆಯ ಕೆಲಸ ಬಾಳೆ ಕೊಲ್ಲುವುದು. ಸೊರಗು ರೋಗ ಹೊಕ್ಕ ತೋಟಗಳನ್ನು ಹುಡುಕಿ, ರೋಗದ ಗಿಡದ ಜೊತೆಗೆ ಸುತ್ತಲಿನ ಗಟ್ಟಿಮುಟ್ಟಾದ ಗಿಡಗಳನ್ನೂ ಕಡಿದು, ಗೆಡ್ಡೆ ಅಗೆದು, ಸುಟ್ಟು, ಮೇಲೆ ಸುಣ್ಣ ಸುರಿಯುವ ಸರ್ಕಾರಿ ತಂಡಕ್ಕೆ ಅವಳೇ ಮುಂದಾಳು. ಮಚ್ಚಕ್ಕ ಎಂದು ಬೆಳೆಗಾರರೇ ಇಟ್ಟ ಹೆಸರು. ಅವಳು ಬರುತ್ತಾಳೆ ಅಂದರೆ ನಾಯಿ ಛೂ ಬಿಡುತ್ತಿದ್ದರು, ಕಲ್ಲು ಬೀಸುತ್ತಿದ್ದರು. ಒಬ್ಬಳು ಮುದುಕಿ ಕುದಿಯುವ ನೀರು ಎರಚಿದಳು. ಭುಜದ ಚರ್ಮ ಸುಲಿದು ಬಂದರೂ ಅತ್ತೆ ಕೈಲಿದ್ದ ಗಿಡ ಕಡಿದು ಮುಗಿಸಿ, "ಇನ್ನೊಂದು ಚೊಂಬು ಇದ್ರೆ ಕೊಡಿ ಅಜ್ಜಿ, ಬೂಟು ತೊಳ್ಕೋತೀನಿ" ಅಂದಳಂತೆ. ಹಾಗಂತ ಅವಳೇನೂ ಸಾಧು ಹಸು ಅಲ್ಲ. ಜಡೆ ಹಿಡಿದು ಎಳೆದ ಒಬ್ಬ ಬೆಳೆಗಾರನಿಗೆ ಮಚ್ಚಿನ ಹಿಡಿಯಿಂದ ಗುದ್ದಿ ಮೂಗು ಮುರಿದಿದ್ದಳು. ಆ ಮೂಗು ಇವತ್ತಿಗೂ ಸೊಟ್ಟ.

ಕಡಿಯುವ ಮೊದಲು ಅವಳು ಪ್ರತಿಯೊಬ್ಬರಿಗೂ ಗಿಡ ಸೀಳಿ ತೋರಿಸುತ್ತಿದ್ದಳು.

"ಒಳಗೆ ಕೆಂಪು ಉಂಗುರ ಕಾಣುತ್ತಲ್ಲ? ಬೂಸ್ಟು ಬೇರಿನಿಂದ ಹತ್ತಿ, ನೀರು ಹೋಗೋ ನಾಳ ಎಲ್ಲ ಕಟ್ಟಿಹಾಕಿದೆ. ನಿನ್ನ ಗಿಡ ಕಾಲುವೆ ಪಕ್ಕದಲ್ಲೇ ನಿಂತು ಬಾಯಾರಿ ಸಾಯ್ತಾ ಇದೆ."

"ಔಷಧ ಹೊಡೀತೀನಿ."

"ಇದಕ್ಕೆ ಔಷಧ ಇಲ್ಲ."

"ಕಿತ್ತು ಬೇರೆ ನೆಡ್ತೀನಿ."

"ಎಲ್ಲಿಂದ ತರ್ತೀಯ? ಬಾಳೆಗೆ ಬೀಜ ಉಂಟಾ? ಎಲ್ಲ ಬುಡದಲ್ಲಿ ಏಳೋ ಕಂದಿನಿಂದ ಬಂದದ್ದು, ಎಲ್ಲ ಒಂದೇ ತಾಯಿಯ ಪಡಿಯಚ್ಚು. ಒಂದನ್ನ ಕೊಲ್ಲೋಕೆ ಕಲಿತ ಬೂಸ್ಟಿಗೆ ಲಕ್ಷ ಗಿಡ ಕೊಲ್ಲೋದೂ ಅಷ್ಟೇ ಸಲೀಸು. ಗಿಡ ಹೋದ್ರೂ ಅದು ಮಣ್ಣಲ್ಲಿ ಮೂವತ್ತು ವರ್ಷ ನಿದ್ದೆ ಮಾಡುತ್ತೆ. ನಿನ್ನ ಮೊಮ್ಮಗ ನೆಟ್ಟ ಗಿಡದ ಬೇರು ತಾಗಿದ ದಿನ ಎದ್ದು ಕೂರುತ್ತೆ."

ಆದರೆ ನಾನು ಬೂಸ್ಟನ್ನು ಬೈದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ಬಾಯಿ ಮುಚ್ಚೇ. ಬಿದ್ದ ಎಲೆ, ಸತ್ತ ಬೇರು ಎಲ್ಲ ಕೊಳೆಸಿ ಗೊಬ್ಬರ ಮಾಡೋದೂ ಅದರ ದಾಯಾದಿಗಳೇ. ಅವಿಲ್ಲದಿದ್ರೆ ತೋಟ ತನ್ನ ಕಸದಲ್ಲೇ ಹೂತು ಹೋಗ್ತಿತ್ತು. ಮನೆತನದಲ್ಲಿ ಒಬ್ಬ ಕೊಲೆಗಾರ ಹುಟ್ಟಿದ ಅಂತ ಎಲ್ಲರನ್ನೂ ಬೈತಾರಾ?"

ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅತ್ತೆ. ನನ್ನಮ್ಮ ತೀರಿಕೊಂಡ ಮೇಲೆ ನನ್ನ ತಲೆ ಬಾಚಿದವಳೂ ಅವಳೇ. ಅಪ್ಪನಿಗೆ ಎಂಟುನೂರು ಗಿಡದ ತೋಟವಿತ್ತು. ನಾನು ಗೊನೆ ತೊಳೆದು ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ದುಡಿಯುತ್ತಿದ್ದೆ. ರಜೆಯ ದಿನ ಅತ್ತೆ ನಮ್ಮ ತೋಟಕ್ಕೆ ಬಂದು ಹೆಚ್ಚಾದ ಕಂದುಗಳನ್ನು ಕತ್ತರಿಸಿಕೊಡುತ್ತಿದ್ದಳು, ತನ್ನದೇ ಮಚ್ಚಿನಲ್ಲಿ. ಬೇರೆಯವರ ಮಚ್ಚು ಅವಳಿಗೆ ಒಗ್ಗದು. ಅದರ ತೊಗಲಿನ ಒರೆ ನಮ್ಮ ತಾತನದು, ಮೂರು ಸಲ ಹೊಲಿಗೆ ಬಿಚ್ಚಿ ಮೂರು ಸಲ ಹೊಲಿಸಿದ್ದು. ಪ್ರತಿ ತೋಟದ ಬಾಗಿಲಲ್ಲೂ ಔಷಧದ ನೀರಿನ ತೊಟ್ಟಿ ಇಟ್ಟು, ಬೂಟು ಅದ್ದಿ, ಮಚ್ಚಿನ ಅಲಗು ಅದ್ದಿ, ಆಮೇಲೆಯೇ ಒಳಗೆ ಕಾಲಿಡುವುದು ಅವಳ ನಿಯಮ. ತಪ್ಪಿದ ಆಳುಗಳಿಗೆ ಕಪಾಳಕ್ಕೇ ಬಿಗಿಯುತ್ತಿದ್ದಳು.

ಒಂದು ರಜೆಯ ದಿನ ಬಂದವಳು ನಮ್ಮ ಮೂರನೇ ಸಾಲಿನಲ್ಲಿ ನಿಂತುಬಿಟ್ಟಳು. ಒಂದು ಗಿಡದ ಕೆಳಗಿನ ಎಲೆಗಳನ್ನು ಯಾರೋ ಆಗಷ್ಟೇ ಸವರಿದ್ದರು. ಯಾರೋ ಏನು, ಅಪ್ಪನೇ. ಅಂಚಿನಿಂದ ಹಳದಿಗೆ ತಿರುಗಿದ ಎಲೆಗಳನ್ನು ಅವನು ಹೂತದ್ದನ್ನು ಬೆಳಗ್ಗೆ ನಾನೇ ನೋಡಿದ್ದೆ. ನೋಡಿ ಸುಮ್ಮನಿದ್ದೆ.

ಅತ್ತೆ ಒಂದೇ ಏಟಿಗೆ ಗಿಡ ಸೀಳಿದಳು. ಒಳಗೆ ಕೆಂಪು ಉಂಗುರ.

"ಒಂದೇ ಗಿಡ ಅಕ್ಕ" ಅಂದ ಅಪ್ಪ. "ಕಿತ್ತು ಹಾಕ್ತೀನಿ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?"

"ಉಗುರಲ್ಲಿ ಹೋಗೋ ಹಂತ ದಾಟಿದೆ ಕಣೋ. ಪಕ್ಕದ ಸಾಲು ನೋಡು, ಮೂರು ಗಿಡದ ಬುಡ ಆಗ್ಲೇ ಬಿರಿದಿದೆ. ನಿನ್ನ ಕಾಲುವೆ ನೀರು ಕೆಳಗಿನ ಅಷ್ಟೂ ತೋಟಕ್ಕೆ ಹೋಗುತ್ತೆ. ಇದು ಪೂರ್ತಿ ಹೋಗ್ಬೇಕು."

"ನನ್ನ ತೋಟ ಅಕ್ಕ!"

"ಗೊತ್ತು."

ಮೂರನೇ ದಿನ ಅವಳೇ ತಂಡ ಕರೆದುಕೊಂಡು ಬಂದಳು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಮೊಂಡಿ! ಅಪ್ಪ ಮೊದಲ ಗಿಡವನ್ನು ಅಪ್ಪಿಕೊಂಡು ನಿಂತ. ಆಳುಗಳು ಅವನನ್ನು ಎಳೆದು ಕೆಡವಿ ಬೆನ್ನ ಮೇಲೆ ಮಂಡಿಯೂರಿದರು. ಗೊನೆ ಹೊತ್ತ ಗಿಡಗಳು ಒಂದರ ಮೇಲೊಂದು ಧೊಪ್ಪೆಂದು ಬೀಳುತ್ತಿದ್ದವು. ಹಿಂಡದ ಬಟ್ಟೆಯಂತೆ ನೀರು ಸುರಿಸುವ ಆ ದಿಂಡುಗಳನ್ನು ಕೊಚ್ಚಿ ರಾಶಿ ಹಾಕುತ್ತಿದ್ದರು. ನಾಲ್ಕನೇ ಸಾಲು ಮುಗಿಯುವಷ್ಟರಲ್ಲಿ ಅಪ್ಪ ಕೊಸರಿಕೊಂಡು ಎದ್ದ. ಕೈಗೆ ಸಿಕ್ಕಿದ್ದು ಸಲಿಕೆ. ಅತ್ತೆ ಬಗ್ಗಿ, ಬಲಗೈಯಲ್ಲಿ ಗೆಡ್ಡೆ ಹಿಡಿದು ಜಗ್ಗುತ್ತಿದ್ದಳು. ಅವನು ಎರಡೂ ಕೈಯಿಂದ ಎತ್ತಿ ಹಾಕಿದ.

ಸಲಿಕೆ ಗೆಡ್ಡೆಯೊಳಗೆ ಗೇಣು ಇಳಿಯಿತು, ನಡುವೆ ಅವಳ ಬೆರಳು.

ಅವಳು ಕೂಗಲಿಲ್ಲ. ಕೂಗಿದವನು ಅಪ್ಪ. ಅವಳು ಸೆರಗು ಹರಿದು ಕೈಗೆ ಸುತ್ತಿ, ಎಡಗೈಯಿಂದ ಒರೆಯ ಮಚ್ಚು ಹಿರಿದು, "ನಿಂತ್ಕೊಂಡು ಏನ್ ನೋಡ್ತೀರೋ, ಮುಂದಿನ ಸಾಲು!" ಎಂದು ಆಳುಗಳ ಮೇಲೆ ಹರಿಹಾಯ್ದಳು. ಇನ್ನೂ ಹನ್ನೊಂದು ಗಿಡ ಕಡಿದ ಮೇಲೆ ಬಿದ್ದಳು. ಆಸ್ಪತ್ರೆಯಲ್ಲಿ ಪೊಲೀಸರು ಬಂದಾಗ "ಮಚ್ಚು ಜಾರ್ತು" ಅಂದಳು. ಆಳುಗಳೂ ಅವಳ ಮುಖ ನೋಡಿ ಹಾಗೇ ಅಂದರು.

ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅಪ್ಪ ಇಟ್ಟಿಗೆ ಗೂಡಿನಲ್ಲಿ ಕೂಲಿಗೆ ಸೇರಿಕೊಂಡ. ದಿನಾ ಸಂಜೆ ಅತ್ತೆಯ ಒಂಟಿ ಕೋಣೆಗೆ ಹೋಗಿ ನೀರು ತುಂಬಿ, ಅವಳ ತಲೆ ಬಾಚಿ, ಜಡೆ ಹೆಣೆಯುತ್ತಿದ್ದ. "ಹಗ್ಗ ಹೊಸೀತಿದೀಯೇನೋ, ಮೆಲ್ಲಗೆ!" ಎಂದು ಅವಳು ಗದರುತ್ತಿದ್ದಳು. ಹುಟ್ಟಿದಾಗಿನಿಂದ ಕಚ್ಚಾಡಿದ ಇಬ್ಬರೂ ಆ ಎಂಟು ತಿಂಗಳು ಇದ್ದಷ್ಟು ಹತ್ತಿರ ಎಂದೂ ಇರಲಿಲ್ಲ. ಹೇಳೋಕೆ ನಾಚಿಕೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆಗ ಪ್ರಯೋಗಾಲಯದ ಮೇಡಂ ಬಂದರು. ತಂಡ ಬರೀ ಪರೀಕ್ಷೆಗೆ ಹೋಗಿದ್ದ ಮೂರು ಒಳ್ಳೆಯ ತೋಟಗಳಿಗೂ ರೋಗ ಬಿದ್ದಿತ್ತು. ಅದು ಹೇಗೆ ಎಂದು ಬೂಟು, ಮಚ್ಚು, ಗುದ್ದಲಿ ಎಲ್ಲ ಕೆರೆದು ಗಾಜಿನ ತಟ್ಟೆಗಳಲ್ಲಿ ಇಟ್ಟರು. ಬೂಟಿನ ತಟ್ಟೆ ಖಾಲಿ. ಅಲಗಿನ ತಟ್ಟೆ ಖಾಲಿ. ಅತ್ತೆಯ ಒರೆಯೊಳಗೆ ಕೆರೆದ ಮಣ್ಣಿನ ತಟ್ಟೆಯಲ್ಲಿ ಮಾತ್ರ ಬಿಳಿ ಬೂಸ್ಟು ಎದ್ದಿತ್ತು, ನಡುವೆ ತಿಳಿ ನೇರಳೆ.

ಅಲಗನ್ನು ಅದ್ದುತ್ತಿದ್ದಳು ನಿಜ. ಆದರೆ ರೋಗದ ತೋಟದೊಳಗೆ ಓಡಾಡುವಾಗ ಕೆಸರಿನ ಮಚ್ಚನ್ನು ಎಷ್ಟು ಸಲ ಒರೆಗೆ ತುರುಕಿದ್ದಳೋ! ಬಾಗಿಲಲ್ಲಿ ಹೊರಗೆ ತೆಗೆದು ತೊಳೆದು, ಮತ್ತೆ ಅದೇ ಒರೆಗೇ. ತಾತನ ತೊಗಲು ನೆನೆದರೆ ಹಾಳಾಗುತ್ತದೆ ಎಂದು ಒರೆಯನ್ನು ಮಾತ್ರ ಒಂದು ದಿನವೂ ಅದ್ದಿರಲಿಲ್ಲ.

"ಯಾರದ್ದು ಅಂತ ನಾನು ಬರೆಯಲ್ಲ, ನೀವೂ ಹೇಳಬೇಡಿ" ಅಂದರಂತೆ ಮೇಡಂ. ಅತ್ತೆ ಸುಮ್ಮನಿದ್ದುಬಿಟ್ಟಿದ್ದರೆ ತಮ್ಮ ದಿನಾ ಸಂಜೆ ಬಂದು ಜಡೆ ಹಾಕುತ್ತಲೇ ಇರುತ್ತಿದ್ದ.

ಮರುದಿನ ಮಧ್ಯಾಹ್ನವೇ ಅತ್ತೆ ನಮ್ಮ ಮನೆಗೆ ಬಂದಳು. ಅಪ್ಪ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಅವಳು ಒರೆಯನ್ನು ಕೊರಡಿನ ಮೇಲಿಟ್ಟಳು.

"ತಮ್ಮಾ, ನಿನ್ನ ತೋಟಕ್ಕೆ ರೋಗ ತಂದವಳು ನಾನೇ. ಇದರೊಳಗಿತ್ತು."

ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಅವಳ ಎದೆಗೆ ಒದ್ದ. "ಬೇಲಿನೇ ಎದ್ದು ಹೊಲ ಮೇಯ್ತಲ್ಲೇ! ನಿನ್ನ ಬೆರಳಿಗೆ ನಾನು ಎಂಟು ತಿಂಗಳು ಅತ್ತಿದೀನಲ್ಲೇ!"

ಅವಳು ಎದ್ದು ಬಂದು ಎಡಗೈಯನ್ನು ಒರೆಯ ಪಕ್ಕದಲ್ಲೇ ಚಾಚಿದಳು. "ಇದೊಂದು ಉಳಿದಿದೆ. ತಗೋ."

ಅವನು ಕೊಡಲಿ ಎತ್ತಿದ. ನಾನು ಓಡಿ ಸೊಂಟ ಹಿಡಿದೆ. ಮೊಣಕೈ ಬೀಸಿ ನನ್ನ ಹಲ್ಲು ಉದುರಿಸಿದ. ಕೊಡಲಿ ಬಿತ್ತು. ಅವಳು ಕೈ ಹಿಂದೆಗೆಯಲಿಲ್ಲ. ತುಂಡಾದದ್ದು ಒರೆ. ಅಪ್ಪ ಮತ್ತೆ ಕೊಚ್ಚಿದ, ಮತ್ತೆ ಮತ್ತೆ ಕೊಚ್ಚಿದ, ಕೈ ಸೋಲುವ ತನಕ.

"ಚೂರೆಲ್ಲ ಆಯ್ದು ಬೆಂಕಿಗೆ ಹಾಕು" ಅಂದಳು ಅತ್ತೆ. "ಒಂದೂ ನೆಲದಲ್ಲಿ ಉಳೀಬಾರದು."

ಅಪ್ಪ ಏದುಸಿರು ಬಿಡುತ್ತ ಕೂತ. "ಇದು ಇನ್ನೆಲ್ಲಿಗೆಲ್ಲ ಹೋಗಿತ್ತು?"

"ಹೋದ ವರ್ಷದಿಂದ ನಲವತ್ತೊಂದು ತೋಟ."

"ಅವರಿಗೆ ಹೇಳಿದ್ಯಾ?"

"ಮೊದಲು ನಿನಗೆ. ಈಗ ಅವರಿಗೆ."

"ಹುಚ್ಚಿ, ಕೊಂದುಹಾಕ್ತಾರೆ ನಿನ್ನ!"

"ಹೇಳದಿದ್ರೆ ಅವರು ಗೊತ್ತಿಲ್ಲದೆ ಅಲ್ಲಿಂದ ಕಂದು ಕಿತ್ತು ಇನ್ನೊಬ್ಬರಿಗೆ ಕೊಡ್ತಾರೆ. ಆಮೇಲೆ ಯಾರೂ ತಡೆಯೋಕಾಗಲ್ಲ."

ಅವಳು ಬಾಗಿಲಲ್ಲಿ ಇಳಿಸಿಟ್ಟಿದ್ದ ತೊಟ್ಟಿಯನ್ನೂ ಔಷಧದ ಡಬ್ಬಿಯನ್ನೂ ಹೊತ್ತು ಹೊರಟಳು. ಬೀದಿ ತಿರುವು ದಾಟುವವರೆಗೂ ಅಪ್ಪ ಕೂತೇ ಇದ್ದ. ಆಮೇಲೆ ಎದ್ದು ಓಡಿದ. ಬಾಯಿಗೆ ಬಟ್ಟೆ ಒತ್ತಿಕೊಂಡು ನಾನೂ ಓಡಿದೆ.

ಮೊದಲ ತೋಟ ಸೊಟ್ಟ ಮೂಗಿನವನದು. ಅವಳು ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು, ಒಂದು ಮಾತೂ ಮುಚ್ಚಿಡಲಿಲ್ಲ; ಒಳಗೆ ಬಂದು ಗಿಡ ಪರೀಕ್ಷಿಸಬೇಕು ಅಂತಲೂ ಅಂದಳು. ಅವನು ಗೊನೆಗೆ ಆನಿಸಿದ್ದ ಊರುಗೋಲು ಕಿತ್ತು ಅವಳ ಬೆನ್ನಿಗೆ ಬಾರಿಸಿದ. ಎರಡನೆಯ ಏಟಿಗೆ ಅಪ್ಪ ಅಡ್ಡ ಬಂದ. ಹೆಗಲ ಮೂಳೆ ಲಟಕ್ಕೆಂದದ್ದು ನನಗೂ ಕೇಳಿಸಿತು. ಬಿದ್ದಲ್ಲಿಂದಲೇ ಅವನು ಅಕ್ಕನ ಬಲಗೈ ಹಿಡಿದು ಮೇಲೆತ್ತಿದ.

"ಇಲ್ನೋಡಪ್ಪಾ. ಮಚ್ಚು ಜಾರಿದ್ದಲ್ಲ ಇದು, ನಾನು ಕಡಿದದ್ದು. ನಿಮ್ಮೆಲ್ಲರ ಪಾಲಿನ ಏಟೂ ಸೇರಿಸಿ ಹೊಡೆದುಬಿಟ್ಟಿದ್ದೀನಿ. ಇನ್ನೂ ಹೊಡೀಬೇಕಂದ್ರೆ ನನಗೆ ಹೊಡಿ."

ಸೊಟ್ಟ ಮೂಗಿನವನು ಕರುಣೆ ಪಟ್ಟು ಕೋಲು ಬಿಸುಟ ಎಂದು ಹೇಳುವ ಆಸೆ ನನಗೂ ಇದೆ. ಇಲ್ಲ, ಅಪ್ಪನಿಗೆ ಇನ್ನೆರಡು ಬಾರಿಸಿದ. ಆಮೇಲೆ ಅಳುತ್ತ ತೋಟದ ಬಾಗಿಲು ತೆಗೆದ.

ಅಪ್ಪ ಎದ್ದು ಒಳಗೆ ಕಾಲಿಡಹೊರಟ. ಅತ್ತೆ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು. ನೆಲಕ್ಕೆ ಕೂತು, ಮೂರು ಬೆರಳಿನ ಕೈಯಿಂದ ಅವನ ಪಾದ ಹಿಡಿದು ತೊಟ್ಟಿಯೊಳಗೆ ಇಳಿಸಿದಳು.

"ಮೊದಲು ಕಾಲು ತೊಳಿ ಕಣೋ" ಅಂದಳು. "ಇನ್ನೂ ನಲವತ್ತು ತೋಟ ಇದೆ."